ನೊರೆ ಕೇಳುವುದು ನೀರನ್ನು

ಗಡ್ಡವನ್ನು ಕತ್ತರಿಸುವುದು ಬ್ಲೇಡು. ಬ್ಲೇಡಿನ ಕೆಲಸವನ್ನು ಹಗುರ ಮಾಡುವುದು ನೀರು. ಆ ನೀರು ಕೆನ್ನೆಯಿಂದ ಜಾರಿ ಹೋಗದಂತೆ ಹಿಡಿದಿಟ್ಟುಕೊಳ್ಳುವುದು ನೊರೆ. ಈ ಮೂರರಲ್ಲಿ ನಾವು ದುಡ್ಡು ಸುರಿಯುವುದು ಮೊದಲನೆಯದಕ್ಕೆ. ಎರಡು ಅಲಗು, ಮೂರು ಅಲಗು, ಐದು ಅಲಗು ಎಂದು ಅಂಗಡಿಯ ಗೋಡೆಯ ತುಂಬ ರೇಜರುಗಳು ತೂಗುತ್ತಿರುತ್ತವೆ. ನೊರೆಯ ಕಡೆಗೆ ಯಾರ ಗಮನವೂ ಇಲ್ಲ. ಮುಖ ಬೆಳ್ಳಗಾದರೆ ಸಾಕು, ನೊರೆ ಆಯಿತು ಎಂದುಕೊಳ್ಳುತ್ತೇವೆ. ನೊರೆ ಹದವಾಗಿದ್ದರೆ ಹಳೆಯ ಕಾಲದ ಎರಡು ಬದಿಯ ಸಾದಾ ಬ್ಲೇಡೇ ನುಣ್ಣಗೆ ಕೆಲಸ ಮಾಡುತ್ತದೆ. ನೊರೆ ಕೆಟ್ಟಿದ್ದರೆ ಐದು ಅಲಗಿನ ದುಬಾರಿ ರೇಜರೂ ಕುತ್ತಿಗೆಯ ಮೇಲೆ ಕೆಂಪು ಗುಳ್ಳೆ ಎಬ್ಬಿಸಿ ಬಿಡುತ್ತದೆ.

ಗಡ್ಡದ ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಉಗುರು, ಗೊರಸು, ಕೊಂಬು ಎಲ್ಲ ಅದರವೇ. ಒಣಗಿದ್ದಾಗ ಬಿರುಸು. ನೀರು ಹೀರಿದರೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾದ ಬಲ ಸಾಕಷ್ಟು ಇಳಿಯುತ್ತದೆ. ಆದರೆ ಮುಖಕ್ಕೆ ನೀರು ಚಿಮುಕಿಸಿದ ಕೂಡಲೇ ಇದು ಆಗಿಬಿಡುವುದಿಲ್ಲ. ಎರಡು ಮೂರು ನಿಮಿಷವಾದರೂ ಕೂದಲು ಒದ್ದೆಯಲ್ಲಿರಬೇಕು. ಬಿಸಿನೀರಾದರೆ ಬೇಗ ಆಗುತ್ತದೆ. ಇನ್ನೊಂದು ಅಡ್ಡಿ ಚರ್ಮದ ಜಿಡ್ಡಿನದು. ಕೂದಲಿನ ಮೇಲೆ ತೆಳ್ಳಗೆ ಹರಡಿರುವ ಆ ಎಣ್ಣೆ ನೀರನ್ನು ಒಳಗೆ ಬಿಡುವುದಿಲ್ಲ. ಸೋಪು ಮೊದಲು ಮಾಡುವ ಉಪಕಾರ ಈ ಜಿಡ್ಡನ್ನು ಎತ್ತಿ ನೀರಿಗೆ ದಾರಿ ಮಾಡಿಕೊಡುವುದು. ಹಳ್ಳಿಯ ಜಗುಲಿಯಲ್ಲಿ, ಮರದ ಬುಡದಲ್ಲಿ ಕೂರಿಸಿ ಕ್ಷೌರ ಮಾಡುತ್ತಿದ್ದವರಿಗೆ ನೆನೆಸುವ ಈ ಗುಟ್ಟು ಗೊತ್ತಿತ್ತು. ಸೋಪಿಲ್ಲದೆ, ಬಟ್ಟಲಿನ ನೀರನ್ನಷ್ಟೇ ಬೆರಳಿನಲ್ಲಿ ತೆಗೆದು, ಗಡ್ಡದ ಬುಡಕ್ಕೆ ತಿಕ್ಕಿ ತಿಕ್ಕಿ ನೆನೆಸುತ್ತಿದ್ದರು. ಕತ್ತಿ ಸಲೀಸಾಗಿ ಓಡುತ್ತಿತ್ತು.

ಹಾಗಾದರೆ ಸೋಪು ಯಾವುದಾದರೂ ನಡೆಯುತ್ತದೆಯೆ? ಮೈಸೋಪಿನಲ್ಲೇ ಗಡ್ಡ ಮಾಡಿಕೊಂಡು ಜೀವನ ಕಳೆದವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಮೈಸೋಪು, ಶೇವಿಂಗ್ ಸೋಪು ಎರಡರ ರಚನೆಯೇ ಬೇರೆ. ಸೋಪು ಎಂದರೆ ಕೊಬ್ಬಿನ ಆಮ್ಲವೂ ಕ್ಷಾರವೂ ಕೂಡಿ ಆದ ಲವಣ. ಮೈಸೋಪಿನಲ್ಲಿ ಬಳಸುವುದು ಸೋಡಿಯಂ ಕ್ಷಾರವನ್ನು. ಅದರಿಂದ ಬಿಲ್ಲೆ ಗಟ್ಟಿಯಾಗಿರುತ್ತದೆ, ಬಚ್ಚಲಲ್ಲಿ ಬೇಗ ಕರಗುವುದಿಲ್ಲ. ಅದರಲ್ಲಿರುವ ಕೊಬ್ಬರಿ ಎಣ್ಣೆಯ ಅಂಶ ಕೂಡಲೇ ದೊಡ್ಡ ದೊಡ್ಡ ಗುಳ್ಳೆ ಎಬ್ಬಿಸುತ್ತದೆ, ಅಷ್ಟೇ ಬೇಗ ಅವು ಒಡೆದು ಹೋಗುತ್ತವೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲದ ಪಾಲು ಹೆಚ್ಚು, ಕ್ಷಾರ ಬಹುಪಾಲು ಪೊಟ್ಯಾಸಿಯಂನದು. ಪೊಟ್ಯಾಸಿಯಂ ಸೋಪು ಮೆದು, ನೀರನ್ನು ಸುಲಭವಾಗಿ ಒಳಗೆ ಕರೆದುಕೊಳ್ಳುತ್ತದೆ. ಸ್ಟಿಯರಿಕ್ ಆಮ್ಲದಿಂದ ಸಣ್ಣ, ಒತ್ತಾದ, ಬಾಳಿಕೆ ಬರುವ ಗುಳ್ಳೆಗಳು ಏಳುತ್ತವೆ. ಜೊತೆಗೆ ಸೇರಿಸುವ ಗ್ಲಿಸರಿನ್ ತೇವವನ್ನು ಆರಗೊಡುವುದಿಲ್ಲ. ಟ್ಯೂಬಿನ ಶೇವಿಂಗ್ ಕ್ರೀಮಿನದೂ ಇದೇ ಪಾಕ. ನೀರಿನ ಅಂಶ ಮೊದಲೇ ಹೆಚ್ಚಿರುವುದರಿಂದ ಹೊಸಬರ ಕೈಗೂ ಬೇಗ ಒಲಿಯುತ್ತದೆ.

ನೊರೆಯೊಳಗೆ ಏನಿದೆ ಎಂದು ಒಮ್ಮೆ ನೋಡಿದರೆ ಮುಂದಿನ ಮಾತೆಲ್ಲ ತಾನಾಗಿ ಅರ್ಥವಾಗುತ್ತದೆ. ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾಟೋ ಸೋಪಿನ ಪೊರೆಗಳ ಬಗ್ಗೆ ವರ್ಷಗಟ್ಟಲೆ ಪ್ರಯೋಗ ಮಾಡಿ 1873ರಲ್ಲಿ ಪುಸ್ತಕ ಪ್ರಕಟಿಸಿದ. ಆ ಹೊತ್ತಿಗಾಗಲೇ ಅವನು ಪೂರ್ತಿ ದೃಷ್ಟಿ ಕಳೆದುಕೊಂಡು ದಶಕಗಳಾಗಿದ್ದವು. ಜೊತೆಗಿದ್ದವರು ನೋಡಿ ಹೇಳುತ್ತಿದ್ದರು, ಅವನು ಮನಸ್ಸಿನಲ್ಲಿ ಆ ಆಕಾರಗಳನ್ನು ಕಟ್ಟಿಕೊಳ್ಳುತ್ತಿದ್ದ. ನೊರೆಯಲ್ಲಿ ಎಲ್ಲೇ ಆಗಲಿ ಮೂರು ಪೊರೆಗಳು ಮಾತ್ರ ಒಂದು ಅಂಚಿನಲ್ಲಿ ಕೂಡುತ್ತವೆ, ಒಂದಕ್ಕೊಂದು 120 ಡಿಗ್ರಿ ಕೋನದಲ್ಲಿ ನಿಲ್ಲುತ್ತವೆ ಎಂಬುದು ಅವನು ಕಂಡುಕೊಂಡ ನಿಯಮ. ಆ ಅಂಚುಗಳಿಗೆ ಇಂದಿಗೂ ಅವನ ಹೆಸರಿದೆ. ನೊರೆಯ ನೀರು ಬಹುಪಾಲು ಇರುವುದು ಆ ಅಂಚುಗಳ ಕಾಲುವೆಗಳಲ್ಲಿ. ಅಲ್ಲಿಂದ ಅದು ನಿಧಾನವಾಗಿ ಕೆಳಗೆ ಇಳಿಯುತ್ತದೆ. ಜೊತೆಗೆ ಸಣ್ಣ ಗುಳ್ಳೆಯೊಳಗೆ ಒತ್ತಡ ಹೆಚ್ಚಿರುವುದರಿಂದ ಅದರ ಗಾಳಿ ಪಕ್ಕದ ದೊಡ್ಡ ಗುಳ್ಳೆಗೆ ಸೋರುತ್ತದೆ. ಸಣ್ಣದು ಮಾಯವಾಗುತ್ತದೆ, ದೊಡ್ಡದು ಬೆಳೆಯುತ್ತದೆ. ಎಲ್ಲ ನೊರೆಯೂ ಹೀಗೆಯೇ ಮುಪ್ಪಾಗುತ್ತದೆ.

ಡಬ್ಬಿಯಿಂದ ಒತ್ತಿ ತೆಗೆಯುವ ಶೇವಿಂಗ್ ಫೋಮ್ ನೊರೆಯ ಅಧ್ಯಯನಗಳಲ್ಲಿ ಪ್ರಯೋಗಾಲಯಗಳ ಅಚ್ಚುಮೆಚ್ಚಿನ ವಸ್ತು. ಪ್ರತಿ ಸಲವೂ ಒಂದೇ ಬಗೆಯ ನೊರೆ ಬರುತ್ತದೆ ಎಂಬುದೇ ಅದಕ್ಕೆ ಕಾರಣ. ಅದರ ಗಾತ್ರದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಅನಿಲ. ಅಂಗೈ ತುಂಬ ಬೆಳ್ಳಗೆ ಕಾಣುವುದರಲ್ಲಿ ಚರ್ಮಕ್ಕೂ ಕೂದಲಿಗೂ ಉಪಯೋಗಕ್ಕೆ ಬರುವ ದ್ರವ ತೀರ ಕಡಿಮೆ. ಗಾಳಿ ಎಷ್ಟಿರಬೇಕು, ನೀರು ಎಷ್ಟಿರಬೇಕು ಎಂದು ಕಾರ್ಖಾನೆಯೇ ತೀರ್ಮಾನಿಸಿ ಡಬ್ಬಿ ಮುಚ್ಚಿದೆ. ಬ್ರಷ್ಷು ಹಿಡಿದವನಿಗೆ ಆ ತೀರ್ಮಾನ ಕೈಯಲ್ಲಿರುತ್ತದೆ. ಬ್ರಷ್ಷಿನ ದೊಡ್ಡ ಲಾಭ ಅದೇ ಎಂದು ನಾನು ನಂಬಿದ್ದೇನೆ.

ನಮ್ಮ ಬೀದಿಯ ಸಲೂನಿನಲ್ಲಿ ಕೆಲಸ ಕಲಿಯಲು ಒಬ್ಬ ಹುಡುಗ ಸೇರಿದ್ದ. ಗಿರಾಕಿಯ ಕೆನ್ನೆಯ ಮೇಲೆ ನೊರೆ ಏಳದೆ ಅವನು ಮತ್ತೆ ಮತ್ತೆ ಟ್ಯೂಬು ಹಿಂಡುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ನನ್ನ ತಲೆಗೆ ಕತ್ತರಿ ಆಡಿಸುತ್ತಿದ್ದ ಹಿರಿಯರು ತಿರುಗಿ ನೋಡಿದರು. “ಲೋ, ಕ್ರೀಮು ಸಾಕು ಕಣೋ. ಅದು ನೀರು ಕೇಳ್ತಾ ಇದೆ ನೋಡು” ಎಂದರು. ಅದು ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದೆ. “ಬ್ರಷ್ ಎಳೀತದೆ ಸಾರ್. ಕೈಗೆ ಭಾರ ಬರ್ತದೆ. ನೀರು ಕುಡಿದ ಮೇಲೆ ತಾನೇ ಜಾರ್ತದೆ” ಎಂದು ಹೇಳಿ, ಹುಡುಗನ ಕೈಯಿಂದ ಬ್ರಷ್ಷು ತೆಗೆದುಕೊಂಡು ತುದಿಯನ್ನಷ್ಟೇ ಬಟ್ಟಲಿಗೆ ತಾಗಿಸಿದರು. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಕೆನ್ನೆಯ ಮೇಲಿನ ಒಣ ಲೇಪಕ್ಕೆ ಹೊಳಪು ಬಂತು. ಗಡ್ಡದ ಬಗ್ಗೆ ನಾನು ಕೇಳಿದ ಪಾಠಗಳಲ್ಲಿ ಅದಕ್ಕಿಂತ ಚಿಕ್ಕದಾದ, ಪೂರ್ತಿಯಾದ ಪಾಠ ಇನ್ನೊಂದಿಲ್ಲ.

ಸಲೂನಿನ ಈ ವಿಧಾನವೇ ನಮ್ಮ ಮನೆಗಳಲ್ಲೂ ಹೆಚ್ಚು ರೂಢಿಯಲ್ಲಿರುವುದು. ಒದ್ದೆ ಕೆನ್ನೆಗೆ ಅಥವಾ ಬ್ರಷ್ಷಿನ ನೆತ್ತಿಗೆ ಒಂದಿಷ್ಟು ಕ್ರೀಮು ಹಿಂಡಿ, ಮುಖದ ಮೇಲೆಯೇ ನೊರೆ ಕಟ್ಟುವುದು. ಒಂದು ಗ್ರಾಮಿನಷ್ಟು ಕ್ರೀಮು ಧಾರಾಳವಾಗಿ ಸಾಕು. ಮೊದಲು ಬ್ರಷ್ಷನ್ನು ವೃತ್ತಾಕಾರವಾಗಿ ಆಡಿಸಬೇಕು. ಬ್ರಷ್ಷಿನ ಕೂದಲು ಕೊಂಚ ಬಿಡಿಸಿಕೊಂಡು ಹರಡುವಷ್ಟು ಒತ್ತಿದರೆ ಸಾಕು. ಬುಡದವರೆಗೆ ಜಜ್ಜಿದರೆ ನಡುವಿನ ಕೂದಲು ಮುರಿದು ವರ್ಷದೊಳಗೆ ಬ್ರಷ್ಷು ಪೊಳ್ಳಾಗುತ್ತದೆ. ಹೀಗೆ ಸುತ್ತುವಾಗ ಮಲಗಿದ ಗಡ್ಡ ಎದ್ದು ನಿಲ್ಲುತ್ತದೆ, ನೊರೆ ಕೂದಲ ಬುಡಕ್ಕೆ ಇಳಿಯುತ್ತದೆ, ಉಜ್ಜುವುದರಿಂದ ಸತ್ತ ಚರ್ಮವೂ ಸಡಿಲವಾಗುತ್ತದೆ. ಕೊನೆಗೆ ಬಣ್ಣ ಬಳಿಯುವ ಹಾಗೆ ಮೇಲೆ ಕೆಳಗೆ ಎಳೆದು ಸಮ ಮಾಡಿದರೆ ಮುಗಿಯಿತು. ಈ ಕ್ರಮದ ಹೆಚ್ಚುಗಾರಿಕೆ ಎಂದರೆ ನೊರೆ ಹದವಾಗುವ ಹೊತ್ತಿಗೆ ಗಡ್ಡವೂ ನೆನೆದಿರುತ್ತದೆ. ಬೇರೆಯಾಗಿ ಕಾಯಬೇಕಿಲ್ಲ. ಸೂಕ್ಷ್ಮ ಚರ್ಮದವರಿಗೆ, ಮೊಡವೆ ಇರುವ ಹುಡುಗರಿಗೆ ಮಾತ್ರ ಇಷ್ಟು ತಿಕ್ಕಾಟ ಹಿಡಿಸುವುದಿಲ್ಲ.

ಅಂಥವರಿಗೆ ಬಟ್ಟಲು ಒಳ್ಳೆಯದು. ಅಡುಗೆಮನೆಯ ಸಣ್ಣ ಸ್ಟೀಲ್ ಬಟ್ಟಲು ಸಾಕು, ಒಳಮೈ ಒರಟಾದ ಮಣ್ಣಿನದೋ ಪಿಂಗಾಣಿಯದೋ ಇದ್ದರೆ ಇನ್ನೂ ಬೇಗ. ಬ್ರಷ್ಷನ್ನು ನೆನೆಸಿ, ನೀರು ತೊಟ್ಟಿಕ್ಕದಷ್ಟು ಕೊಡವಿ, ಕ್ರೀಮಿನ ಮೇಲೆ ತಿರುಗಿಸಲು ಶುರು ಮಾಡಬೇಕು. ಮೊದಲು ಅಂಟಂಟಾದ ಮುದ್ದೆಯಾಗುತ್ತದೆ. ಅನೇಕರು ಅಲ್ಲಿಗೇ ನಿಲ್ಲಿಸಿ ಮುಖಕ್ಕೆ ಮೆತ್ತಿಕೊಳ್ಳುತ್ತಾರೆ. ನಿಜವಾದ ಕೆಲಸ ಅಲ್ಲಿಂದ ಮುಂದೆ. ಬೆರಳ ತುದಿಯಿಂದ ಕೆಲವು ಹನಿ ನೀರು, ಇಪ್ಪತ್ತು ಮೂವತ್ತು ಸುತ್ತು. ಮತ್ತೆ ಕೆಲವು ಹನಿ, ಮತ್ತಷ್ಟು ಸುತ್ತು. ಒಟ್ಟಿಗೆ ಸುರಿದರೆ ಸೋಪಿನ ನೀರಾಗುತ್ತದೆ, ನೊರೆಯಾಗುವುದಿಲ್ಲ. ಬ್ರಷ್ಷನ್ನು ಮೇಲೆತ್ತಿ ಕುಟ್ಟಿದರೆ ಗಾಳಿ ತುಂಬಿ ದೊಡ್ಡ ಗುಳ್ಳೆ ಬರುತ್ತದೆ. ತುದಿಯನ್ನು ನೊರೆಯೊಳಗೇ ಇಟ್ಟು ಸುತ್ತಬೇಕು.

ಗಟ್ಟಿ ಸೋಪಿನ ಬಿಲ್ಲೆಯ ದಾರಿ ಸ್ವಲ್ಪ ಬೇರೆ. ಸ್ನಾನಕ್ಕೆ ಹೋಗುವ ಮುಂಚೆ ಅದರ ಮೇಲೆ ಒಂದು ಚಮಚ ಬಿಸಿನೀರು ಹಾಕಿಟ್ಟರೆ ಬರುವಷ್ಟರಲ್ಲಿ ಮೇಲ್ಪದರ ಮೆತ್ತಗಾಗಿರುತ್ತದೆ. ಆ ನೀರನ್ನು ಚೆಲ್ಲಬಾರದು, ಗಡ್ಡಕ್ಕೆ ಸವರಿಕೊಳ್ಳಬೇಕು. ಆಮೇಲೆ ಬ್ರಷ್ಷನ್ನು ಬಿಲ್ಲೆಯ ಮೇಲೆ ಅರ್ಧ ನಿಮಿಷವಾದರೂ ಸುತ್ತಿ ಸೋಪು ತುಂಬಿಕೊಳ್ಳಬೇಕು. ಇಲ್ಲಿ ಜಿಪುಣತನ ಮಾಡಿದರೆ ಮುಂದೆ ಏನು ಮಾಡಿದರೂ ಅರ್ಧ ಮುಖಕ್ಕೇ ನೊರೆ ಮುಗಿದುಹೋಗುತ್ತದೆ. ಸೋಪು ಹೆಚ್ಚಿದ್ದಷ್ಟೂ ಅದು ಹೆಚ್ಚು ನೀರನ್ನು ತಾಳಿಕೊಳ್ಳುತ್ತದೆ. ನೀರು ಹೆಚ್ಚಾಯಿತು ಎಂದು ಜನ ದೂರುವ ನೊರೆಯಲ್ಲಿ ಬಹಳ ಸಲ ಕಡಿಮೆಯಾಗಿರುವುದು ಸೋಪು. ಕೋಲಿನಾಕಾರದ ಶೇವಿಂಗ್ ಸ್ಟಿಕ್ ಸಿಕ್ಕರೆ ಪ್ರಯಾಣಕ್ಕೆ ಅದಕ್ಕಿಂತ ಅನುಕೂಲವಾದದ್ದು ಇಲ್ಲ. ಒದ್ದೆ ಗಡ್ಡಕ್ಕೆ ಎದುರುಗೂದಲಾಗಿ ಉಜ್ಜಿ, ಬ್ರಷ್ಷಾಡಿಸಿದರಾಯಿತು.

ಕಲಿಯುವವರಿಗೆ ನಾನು ಹೇಳುವುದು ಇವು ಯಾವುದನ್ನೂ ಅಲ್ಲ, ಅಂಗೈಯನ್ನು. ಎಡ ಅಂಗೈಯನ್ನು ಬಟ್ಟಲಾಗಿಸಿ ಅದರೊಳಗೆ ಬ್ರಷ್ಷು ಸುತ್ತಿ ನೋಡಿ. ನೊರೆ ಯಾವಾಗ ಅಂಟುತ್ತದೆ, ಯಾವಾಗ ಎಳೆಯುತ್ತದೆ, ಯಾವ ಹನಿಯಾದ ಮೇಲೆ ಜಾರಲು ತೊಡಗುತ್ತದೆ ಎಂಬುದನ್ನು ಕಣ್ಣಿಗಿಂತ ಮೊದಲು ಚರ್ಮ ಹೇಳುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದಿಷ್ಟು ನೊರೆ ಇಟ್ಟು ಉಜ್ಜಿದರೆ ಪರೀಕ್ಷೆ ಮುಗಿಯಿತು. ಬೆರಳು ತಡೆದು ತಡೆದು ಹೋದರೆ ನೀರು ಬೇಕು. ನುಣುಪಾಗಿ ಜಾರಿದರೆ ಹದವಾಗಿದೆ. ಕಣ್ಣಿನ ಗುರುತು ಬೇಕಾದರೆ ಹೊಳಪನ್ನು ನೋಡಿ. ಮಂಕಾಗಿ, ಒಣಗಿ, ಚೂಪು ಚೂಪಾಗಿ ನಿಂತದ್ದು ಇನ್ನೂ ಬಾಯಾರಿದ ನೊರೆ. ಕಡೆದ ಗಟ್ಟಿ ಮೊಸರಿನ ಹಾಗೆ ತುದಿ ಬಾಗಿ, ಮೇಲೆ ತೆಳ್ಳನೆ ಮಿನುಗಿದ್ದು ಸರಿಯಾದದ್ದು. ಬಿಡಿ ಬಿಡಿ ಗುಳ್ಳೆ ಕಾಣಿಸಿ ಕತ್ತಿನ ಕಡೆಗೆ ಇಳಿಯತೊಡಗಿದರೆ ಹದ ಮೀರಿದೆ. ಆಗ ಚೂರು ಕ್ರೀಮು ಸೇರಿಸಿ ಮತ್ತೆ ಸುತ್ತಿದರೆ ಸರಿಹೋಗುತ್ತದೆ. ಬೆಟ್ಟದಂತೆ ಎದ್ದ ನೊರೆ ಮುಖಕ್ಕೆ ಮೆತ್ತೆಯಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಬ್ಲೇಡಿನ ಅಂಚಿಗೆ ಬೇಕಾದದ್ದು ಮೆತ್ತೆ ಅಲ್ಲ, ಜಾರಿಕೆ. ಗಡ್ಡದ ನೆರಳು ತುಸು ಕಾಣುವಷ್ಟು ತೆಳ್ಳಗಿನ, ಒದ್ದೆಯಾದ ಪದರ ಬೆಟ್ಟಕ್ಕಿಂತ ಎಷ್ಟೋ ಮೇಲು.

ಇಷ್ಟೆಲ್ಲ ಮಾಡಿಯೂ ಕೆಲವರ ಮನೆಯಲ್ಲಿ ನೊರೆ ಏಳುವುದೇ ಇಲ್ಲ. ಅವರು ಕ್ರೀಮನ್ನು ಬೈಯುತ್ತಾರೆ, ಬ್ರಷ್ಷು ಬದಲಿಸುತ್ತಾರೆ. ತಪ್ಪು ನಲ್ಲಿಯಲ್ಲಿರುತ್ತದೆ. ಬೇಳೆ ಬೇಯದ ನೀರಿನಲ್ಲಿ ನೊರೆಯೂ ಏಳದು. ಎರಡಕ್ಕೂ ಕಾರಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಇವು ಸೋಪಿನ ಜೊತೆ ಸೇರಿ ಕರಗದ ಕೆನೆಯಾಗುತ್ತವೆ. ಬಕೆಟ್ಟಿನ ಒಳಮೈಗೆ ಬೂದು ಬಣ್ಣದಲ್ಲಿ ಅಂಟಿಕೊಳ್ಳುತ್ತದಲ್ಲ, ಅದೇ. ನೀರಿನಲ್ಲಿರುವ ಕ್ಯಾಲ್ಸಿಯಂ ಎಲ್ಲ ತೀರುವ ತನಕ ನಾವು ಹಾಕಿದ ಸೋಪು ಅದಕ್ಕೇ ಆಹುತಿ. ಉಳಿದದ್ದು ಮಾತ್ರ ನೊರೆಗೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎಂದಿದೆ. ಕುಡಿಯಲು ನಡೆಯುವ ಆ 600ರ ನೀರು ನೊರೆಗೆ ಶತ್ರು. ಬಯಲುಸೀಮೆಯ ಆಳದ ಬೋರ್‌ವೆಲ್‌ಗಳ ನೀರು, ಬೆಂಗಳೂರಿನ ಹೊರವಲಯಕ್ಕೆ ಟ್ಯಾಂಕರಿನಲ್ಲಿ ಬರುವ ನೀರು ಬಹಳ ಸಲ ಗಡಸೇ. ಕಾವೇರಿ ನೀರು ಬರುವ ಬಡಾವಣೆಯಿಂದ ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿಗೆ ಮನೆ ಬದಲಿಸಿದವರು ಅದೇ ಕ್ರೀಮು ಅದೇ ಬ್ರಷ್ಷಿನಲ್ಲಿ ಈ ವ್ಯತ್ಯಾಸವನ್ನು ಮೊದಲ ದಿನವೇ ಕಾಣುತ್ತಾರೆ. ಮಲೆನಾಡಿನ, ಕರಾವಳಿಯ ಬಾವಿನೀರಿನವರಿಗೆ ಸಾಮಾನ್ಯವಾಗಿ ಈ ಕಷ್ಟ ಗೊತ್ತಿಲ್ಲ.

ಪರಿಹಾರ ಸುಲಭ. ನೊರೆಗೆ ಬೇಕಾದ ನೀರು ಕಾಲು ಲೋಟಕ್ಕಿಂತ ಕಡಿಮೆ. ಅಡುಗೆಮನೆಯ ಆರ್‌ಒ ಯಂತ್ರದಿಂದ ಒಂದು ಲೋಟ ಹಿಡಿದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಶುದ್ಧವಾಗಿ ಹಿಡಿದ ಮಳೆನೀರು ಇನ್ನೂ ಚೆನ್ನ. ಬರೀ ಕುದಿಸಿ ಆರಿಸಿದರೂ ಗಡಸುತನದ ಒಂದು ಪಾಲು ಪಾತ್ರೆಯ ತಳಕ್ಕೆ ಕಲ್ಲಾಗಿ ಕೂರುತ್ತದೆ. ಬ್ರಷ್ಷು ನೆನೆಸಲು, ನೊರೆ ಕಟ್ಟಲು ಮಾತ್ರ ಈ ನೀರು. ರೇಜರು ತೊಳೆಯಲು, ಮುಖ ತೊಳೆಯಲು ನಲ್ಲಿ ನೀರೇ ಸಾಕು. ದುಬಾರಿ ಬ್ರಷ್ಷು, ವಿದೇಶಿ ಸೋಪುಗಳಿಂದ ಆಗದ ಸುಧಾರಣೆ ಈ ಒಂದು ಲೋಟ ನೀರಿನಿಂದ ಆಗುತ್ತದೆ.

ಬ್ರಷ್ಷಿನ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಹಂದಿಯ ಕೂದಲಿನದು ಬಿರುಸು. ಕೂದಲೇ ನೀರು ಹೀರುವುದರಿಂದ ಮೂರು ನಾಲ್ಕು ನಿಮಿಷ ಮೊದಲೇ ನೆನೆಹಾಕಬೇಕು. ಬಳಸಿದಂತೆಲ್ಲ ತುದಿ ಸೀಳಿ ಮೃದುವಾಗುತ್ತದೆ, ಹಳೆಯದಾದಷ್ಟೂ ಹಿತ. ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನದನ್ನು ಯುರೋಪಿನಲ್ಲಿ ಶ್ರೇಷ್ಠವೆಂದು ಎಣಿಸುತ್ತಾರೆ. ಕೂದಲುಗಳ ನಡುವೆ ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ ನಿಜ, ಬೆಲೆಯೂ ಹಾಗೆಯೇ. ಆದರೆ ಇವತ್ತಿನ ಸಿಂಥೆಟಿಕ್ ಎಳೆಗಳು ಎಷ್ಟು ಸುಧಾರಿಸಿವೆ ಎಂದರೆ, ಒಂದು ಗಡ್ಡಕ್ಕಾಗಿ ಪ್ರಾಣಿಯ ಕೂದಲು ಬೇಕೇ ಬೇಕು ಎಂದು ಹೇಳಲು ಕಾರಣವೇ ಉಳಿದಿಲ್ಲ. ಇವನ್ನು ನೆನೆಹಾಕಬೇಕಿಲ್ಲ, ಬೇಗ ಒಣಗುತ್ತವೆ, ಕಡಿಮೆ ಸೋಪಿಗೆ ನೊರೆ ಕೊಡುತ್ತವೆ. ನನ್ನ ಆಯ್ಕೆ ಇದೇ.

ಪ್ರಾಣಿಯ ಕೂದಲಿನ ಬ್ರಷ್ಷಿಗೆ ಒಂದು ಕರಾಳ ಚರಿತ್ರೆಯೂ ಇದೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡ ಮುಖಕ್ಕೆ ಬಿಗಿಯಾಗಿ ಕೂರಬೇಕಾದರೆ ಗಡ್ಡ ಇರುವಂತಿರಲಿಲ್ಲ. ಸೈನಿಕರಿಗೆಲ್ಲ ರೇಜರು, ಬ್ರಷ್ಷು ಬೇಕಾದವು. ಅದೇ ಹೊತ್ತಿಗೆ ರಷ್ಯಾ, ಜರ್ಮನಿಗಳ ಮೂಲಕ ಬರುತ್ತಿದ್ದ ಬ್ಯಾಡ್ಜರ್ ಕೂದಲು ಯುದ್ಧದಿಂದಾಗಿ ನಿಂತುಹೋಯಿತು. ಬದಲಿಗೆ ಏಷ್ಯಾದಿಂದ ತರಿಸಿದ ಕುದುರೆ ಕೂದಲನ್ನು ಬ್ಯಾಡ್ಜರಿನಂತೆ ಕಾಣುವಂತೆ ಮಾಡಿ ಬ್ರಷ್ಷು ಕಟ್ಟಿದರು. ಸರಿಯಾಗಿ ಶುದ್ಧಿ ಮಾಡದ ಆ ಕೂದಲಿನಲ್ಲಿ ಆಂಥ್ರಾಕ್ಸ್ ರೋಗಾಣುವಿನ ಬೀಜಕಣಗಳಿದ್ದವು. ಗಡ್ಡ ಮಾಡುವಾಗ ಆದ ಸಣ್ಣ ಗೀರುಗಳ ಮೂಲಕ ಅವು ಒಳಹೊಕ್ಕು ಬ್ರಿಟನ್, ಅಮೆರಿಕಗಳಲ್ಲಿ ಸೈನಿಕರೂ ನಾಗರಿಕರೂ ಕಾಯಿಲೆ ಬಿದ್ದರು, ಸತ್ತರು. ಕೂದಲಿನ ಶುದ್ಧೀಕರಣದ ಕಟ್ಟುನಿಟ್ಟು ನಿಯಮಗಳು ಬಂದದ್ದು ಆಮೇಲೆ.

ಬ್ರಷ್ಷು ಬೇಡದ ಕ್ರೀಮುಗಳೂ ಅಮೆರಿಕದಲ್ಲಿ ಆ ಕಾಲದಲ್ಲೇ ಹುಟ್ಟಿದವು. 1919ರಲ್ಲಿ ಬಾರ್ಬಸಾಲ್, 1925ರಲ್ಲಿ ಬರ್ಮಾ-ಶೇವ್. 1949ರಲ್ಲಿ ರೈಸ್ ಎಂಬ ಹೆಸರಿನಲ್ಲಿ ಒತ್ತಿದರೆ ನೊರೆ ಬರುವ ಡಬ್ಬಿ ಬಂತು. ಬೆಳಗಿನ ಎರಡು ನಿಮಿಷ ಉಳಿಯಿತು. ಆ ಎರಡು ನಿಮಿಷ ಗಡ್ಡ ನೆನೆಯಬೇಕಾದ ಎರಡು ನಿಮಿಷವೂ ಆಗಿತ್ತು ಎಂಬುದನ್ನು ಜಾಹೀರಾತು ಹೇಳಲಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ, ತಲೆಯ ಮೇಲೆ ತಿರುಗುವ ಫ್ಯಾನು. ಕಲಬುರಗಿಯ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ನೊರೆ ಒಣಗಿ ಹಕ್ಕಳೆಯಾಗಿರುತ್ತದೆ. ಗಡ್ಡ ಅತಿ ಬಿರುಸಾಗಿರುವ ಗಲ್ಲ ಮತ್ತು ಮೇಲ್ದುಟಿಗೆ ಕೊನೆಯ ಸರದಿ ಬರುವುದರಿಂದ ಗಾಯವಾಗುವುದೂ ಅಲ್ಲೇ. ಫ್ಯಾನು ನಿಲ್ಲಿಸಿ, ಇಲ್ಲವೇ ಬ್ರಷ್ಷಿನ ತುದಿ ಒದ್ದೆ ಮಾಡಿ ಆ ಜಾಗಕ್ಕೆ ಮತ್ತೊಮ್ಮೆ ಸವರಿ. ಎರಡನೇ ಸಲ ಉಲ್ಟಾ ಎಳೆಯುವಾಗ ಹೊಸ ನೊರೆ ಹಚ್ಚದೆ ಬ್ಲೇಡು ಮುಟ್ಟಿಸಲೇಬಾರದು. ಮೊದಲ ಸಲದ ನೊರೆ ಬ್ರಷ್ಷಿನಲ್ಲಿ ಇನ್ನೂ ಇರುತ್ತದೆ, ನಾಲ್ಕು ಹನಿ ನೀರು ಸೇರಿಸಿದರೆ ಮೊದಲಿನದಕ್ಕಿಂತ ಚೆನ್ನಾದ ನೊರೆಯಾಗುತ್ತದೆ. ಮುಖ ತೊಳೆದ ಮೇಲೆ ಪಟಿಕದ ತುಂಡನ್ನು ಸವರಿಕೊಂಡರೆ ರಕ್ತ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಎಲ್ಲಿ ಹೆಚ್ಚು ಉರಿಯುತ್ತದೋ ಅಲ್ಲಿ ಚರ್ಮ ತರಚಿದೆ, ನಾಳೆ ಅಲ್ಲಿಗೆ ಹೆಚ್ಚು ಒದ್ದೆಯ ನೊರೆ ಬೇಕು.

ಕೆಲಸ ಮುಗಿದ ಮೇಲೆ ಬ್ರಷ್ಷನ್ನು ಸೋಪು ಪೂರ್ತಿ ಹೋಗುವಂತೆ ತೊಳೆದು, ಕೊಡವಿ, ಗಾಳಿಯಾಡುವ ಕಡೆ ಇಡಿ. ಒದ್ದೆ ಬ್ರಷ್ಷನ್ನೇ ಡಬ್ಬಿಯೊಳಗೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಕುದಿಯುವ ನೀರು ಹಾಕಬೇಡಿ, ಕೂದಲು ಹಿಡಿದಿರುವ ಅಂಟು ಬಿಡುತ್ತದೆ. ಸಲೂನಿಗೆ ಹೋಗುವವರು ಪ್ರತಿ ಗಿರಾಕಿಗೂ ಹೊಸ ಬ್ಲೇಡು ಎಂದು ಕೇಳುವುದು ಈಗ ರೂಢಿಯಾಗಿದೆ, ಒಳ್ಳೆಯದಾಯಿತು. ಬ್ರಷ್ಷನ್ನೂ ಹಾಗೆಯೇ ಕೇಳಿ, ಅಥವಾ ನಿಮ್ಮದನ್ನೇ ತೆಗೆದುಕೊಂಡು ಹೋಗಿ. ಒಂದೇ ಬ್ರಷ್ಷು ದಿನವಿಡೀ ಹತ್ತಾರು ಮುಖಗಳ ಮೇಲೆ ಆಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಮನೆಯಲ್ಲಿ ಮೀಸೆ ಚಿಗುರುತ್ತಿರುವ ಹುಡುಗನಿದ್ದರೆ ಫೋಮಿನ ಡಬ್ಬಿ ಕೊಡಿಸುವ ಮುಂಚೆ ಒಂದು ಸಾಧಾರಣ ಸಿಂಥೆಟಿಕ್ ಬ್ರಷ್ಷು, ಒಂದು ಟ್ಯೂಬು ಕ್ರೀಮು ಕೊಡಿಸಿ. ಮೊದಲ ಕೆಲವು ದಿನ ರೇಜರಿಗೆ ಬ್ಲೇಡು ಹಾಕಬೇಡಿ. ಅಂಗೈಯಲ್ಲಿ ನೊರೆ ಎಬ್ಬಿಸಲಿ, ಮುಖಕ್ಕೆ ಹಚ್ಚಲಿ, ಬ್ಲೇಡಿಲ್ಲದ ರೇಜರಿನಿಂದ ತೆಗೆದು ತೊಳೆದುಕೊಳ್ಳಲಿ. ನೊರೆಯ ಹದ ಕೈಗೆ ಹತ್ತಿದ ಮೇಲೆ ಬ್ಲೇಡು ಕೊಡಿ.